ಮುಂದಿನ ಬಲಗಡೆಯ ಹಿಡಿಕೆ

ಟಿಕೋಟಾ
ಭಾನುವಾರ, 9 ನವೆಂಬರ್ 2025

ಪ್ರೀತಿಯ ಮುಬೀನ ಭಾಯಿಗೆ ತಂಗಿ ಕೈನಾತಳ ಸಲಾಮು.

ಹೇಗಿದ್ದೀಯಾ? ಮಸ್ಕತ್ತಿನಲ್ಲಿ ವೆಲ್ಡಿಂಗ್ ಮಾಡಿ ಕಣ್ಣು ಉರಿಯುತ್ತದೆ ಅಂದಿದ್ದೆಯಲ್ಲ, ಕಡಿಮೆಯಾಯಿತೇ? ಫೋನಿರುವಾಗ ಕಾಗದವೇಕೆ ಅನ್ನಬೇಡ. ಫೋನಿನಲ್ಲಿ ಅಬ್ಬಾನ ಹೆಸರು ಬಂದ ಕೂಡಲೇ ಇಟ್ಟುಬಿಡುತ್ತೀ. ಕಾಗದವನ್ನಾದರೂ ಪೂರ್ತಿ ಓದುತ್ತೀ ಎಂದು, ಮಸ್ಕತ್ತಿಗೆ ಹೊರಟಿರುವ ಮುನಾಫನ ಕೈಯಲ್ಲಿ ಶೇಂಗಾ ಚಟ್ನಿಯ ಜೊತೆ ಕಳಿಸುತ್ತಿದ್ದೇನೆ. ಅಬ್ಬಾ ಪಕ್ಕದಲ್ಲೇ ಮಲಗಿ, ಬರೆದದ್ದನ್ನೆಲ್ಲ ಓದಿಸಿ ಕೇಳುತ್ತಿದ್ದಾರೆ. (ಈ ಸಾಲುಗಳನ್ನು ಹಾರಿಸಿ ಓದುತ್ತೇನೆ.) ಅವರು ಸ್ವಲ್ಪ ಸೊರಗಿದ್ದಾರೆ. ಬಬಲೇಶ್ವರದಿಂದ ಹಾಜಿರಾಬಿ ಫುಪ್ಪು ಬಂದು ತಮ್ಮ ಅಣ್ಣನಿಗೆ ಗಂಜಿ ಕುಡಿಸುತ್ತ, ಬೈಯುತ್ತ ಇಲ್ಲೇ ಇದ್ದಾರೆ.

ಮಸೀದಿಯಲ್ಲಿ ಜನಾಜಾದಲ್ಲಿ ಶವ ಹೊರುವ ಹಳೆಯ ಡೋಲಾ ತುಕ್ಕು ಹಿಡಿದಿತ್ತಲ್ಲ, ಹೊಸದನ್ನು ಮಾಡಿಸಿಕೊಡುತ್ತೇನೆಂದು ಅಬ್ಬಾ ತಾವಾಗಿಯೇ ಒಪ್ಪಿಕೊಂಡರು. ಸ್ಟೀಲ್ ತಗಡಿನ ತೊಟ್ಟಿಲು, ನಾಲ್ಕು ಮೂಲೆಗೆ ಪೈಪಿನ ಹಿಡಿಕೆ. ನಮ್ಮ ವೆಲ್ಡಿಂಗ್ ಅಂಗಡಿಯಲ್ಲಿ ಕೂತು ಬೆಸೆಯಲು ಅವರಿಗೀಗ ಆಗದು. ಹಾಗಾಗಿ ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ನಾನು ಕೆಲಸ ಮಾಡುವ ವರ್ಕ್‌ಶಾಪಿನಲ್ಲೇ ಬೆಸೆಯುವುದು, ಕಂಪ್ಯೂಟರಿನಲ್ಲಿ ನಕ್ಷೆ ನಾನು ತೆಗೆಯುವುದು ಎಂದಾಯಿತು. ತೆಳು ತಗಡನ್ನು ಉದ್ದಕ್ಕೂ ಬೆಸೆದರೆ ಸೊಟ್ಟಗಾಗುತ್ತದೆಂದು ಅಲ್ಲಲ್ಲಿ ಚುಕ್ಕೆ ಬೆಸುಗೆಯ ದುಂಡು ಗುರುತು ಹಾಕಿದೆ. ಹಿಡಿಕೆಗೆ ಮೂಲೆ ಬೆಸುಗೆಯ ತ್ರಿಕೋನ. ರೂಢಿಯಂತೆ ಅದನ್ನು ಬಾಣದ ಗುರುತಿನ ಗೆರೆಯ ಕೆಳಗಿಟ್ಟೆ, ಅಂದರೆ ಬಾಣ ಮುಟ್ಟುವ ಕಡೆಗೇ ಬೆಸುಗೆ. ಒಂದೊಂದೇ ಗುರುತಿನ ಅರ್ಥ ಕೇಳುತ್ತ ಬಂದ ಅಬ್ಬಾ ಅಲ್ಲಿ ತಡೆದರು.

"ಇದು ಹೆಗಲ ಮ್ಯಾಲೆ ಕೂಡೂ ಕಡಿ ಅಲ್ಲೇನಬೇ? ಗಂಟು ಒತ್ತತೈತಿ. ಆಚಿ ಕಡಿ ಹಾಕು."

ಅಮ್ಮಿಯ ಜನಾಜಾದ ದಿನ ಹಳೆಯ ಡೋಲಾದ ಗಂಟು ಒತ್ತಿ, ಮುಂದೆ ಬಲಗಡೆ ಹೊತ್ತಿದ್ದ ನಿನ್ನ ಬಲಹೆಗಲು ಕೆಂಪಗೆ ಬಾತಿತ್ತು, ನೆನಪಿದೆಯೇ? ನಾನು ಮರೆತಿದ್ದೆ, ಅವರು ಮರೆತಿಲ್ಲ. ಬೆಸುಗೆ ಆಚೆ ಕಡೆಗೆ ಬರಲೆಂದು ತ್ರಿಕೋನವನ್ನು ಗೆರೆಯ ಮೇಲಕ್ಕೆ ಎತ್ತುವಾಗ ನನಗೆ ಅಳು ಬಂತು.

ಆಮೇಲೆ ಗುರುತುಗಳ ಸಾಲಿನಲ್ಲಿ ಪುಟ್ಟ ಬಾವುಟವೊಂದು ಅವರ ಕಣ್ಣಿಗೆ ಬಿತ್ತು. ವರ್ಕ್‌ಶಾಪಿನಲ್ಲಿ ಬೆಸೆಯದೆ, ವಸ್ತು ತಲುಪಿದ ಜಾಗದಲ್ಲೇ ಬೆಸೆಯುವ ಜೋಡಣೆಗೆ ಇದನ್ನು ಹಾಕುತ್ತಾರೆ ಎಂದೆ. ಮುಂದಿನ ಬಲಗಡೆಯ ಹಿಡಿಕೆಗೆ ಅದನ್ನೇ ಹಾಕು ಎಂದರು. ಯಾಕೆಂದು ಕೇಳಿದರೆ, ಹೇಳಿದಷ್ಟು ಮಾಡು ಎಂದು ಹಟ ಹಿಡಿದರು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ, ನಿನಗೂ ಅದೇ ಬಂದಿದೆ. ಈಗ ಡೋಲಾ ನಮ್ಮ ಅಂಗಡಿಯಲ್ಲಿದೆ. ನಾಲ್ಕನೇ ಹಿಡಿಕೆ ಪಕ್ಕದಲ್ಲಿ ಬಿಡಿಯಾಗಿ ಬಿದ್ದಿದೆ.

ಫುಪ್ಪು ದುವಾ ಹೇಳಿದ್ದಾರೆ. ನಿಮ್ಮದೇನು ಬರೆಯಲಿ ಎಂದು ಅಬ್ಬಾನನ್ನು ಕೇಳಿದೆ. "ಕಣ್ಣ ಜ್ವಾಕಿ ಅಂತ ಬರಿ" ಅಂದರು.

ನಿನ್ನ ತಂಗಿ,
ಕೈನಾತ

ತಾ.ಕ.: ಅಬ್ಬಾಗೆ ಈಗ ಕಣ್ಣು ಹತ್ತಿತು. ಮುನಾಫ ಬಾಗಿಲಲ್ಲಿ ನಿಂತಿದ್ದಾನೆ. ಭಾಯಿ, ಅವರಿಗೆ ಆಗಿರುವುದು ಕ್ಯಾನ್ಸರ್. ಇನ್ನು ಮನೆಯಲ್ಲೇ ಇರಲಿ ಎಂದು ಡಾಕ್ಟರು ಕಳಿಸಿದ್ದಾರೆ. ಡೋಲಾ ಮೊದಲು ಯಾರಿಗೆಂದು ಅವರಿಗೆ ಗೊತ್ತು. ಬಾವುಟದ ಕಾರಣ ನಿನ್ನೆ ಮತ್ತೆ ಕೇಳಿದೆ. ಗೋಡೆಯ ಕಡೆ ಹೊರಳಿ, "ಅದನ್ನ ಮುಬೀನ ಬಂದು ಬೆಸೀಲಿ. ನಿನ್ನ ಬೆಸುಗಿ ನನ್ನ ಅಂಗಡ್ಯಾಗ ಬ್ಯಾಡ ಅಂತ ಅವಂಗ ಸಿಟ್ಟಿನ್ಯಾಗ ಅಂದಿದ್ದೆ. ಅವನ ಕೈ ಛಲೋ ಐತಿ" ಅಂದರು. ಆ ಹಿಡಿಕೆಯನ್ನು ಯಾರಿಗೂ ಮುಟ್ಟಗೊಟ್ಟಿಲ್ಲ. ಬೇಗ ಬಾ. ಮೂರು ಹಿಡಿಕೆಯ ಡೋಲಾವನ್ನು ಯಾರೂ ಹೊರಲಾರರು.