ಖಾಲಿ ಮನೆಯ ಒಲೆ

ಗಣಿ ಲೈನು, ನಿಟ್ಟೂರು ಗುಡ್ಡ
೪-೧೨-೧೯೬೬

ಪ್ರೀತಿಯ ದುಗ್ಗಮ್ಮನಿಗೆ,

ನಿನ್ನ ಗೆಳತಿ ಗುತ್ಯಮ್ಮ ಮಾಡುವ ನಮಸ್ಕಾರಗಳು. ನಾವಿಬ್ಬರೂ ಕ್ಷೇಮ. ಸಾಗರದಲ್ಲಿ ನೀನೂ ನಿನ್ನ ಅಣ್ಣನ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ದೀಪಾವಳಿಗೆ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ, ಬೈಯಬೇಡ. ಇಷ್ಟು ದಿನ ನಮ್ಮ ಮನೆಯ ಕಾಗದವನ್ನೆಲ್ಲ ಇವರೇ ಬರೆಯುತ್ತಿದ್ದರು. ಈ ಸಲ ನಾನೇ ಕೂತಿದ್ದೇನೆ. ಅಕ್ಷರ ಕಾಗೆ ಕಾಲಿನ ಹಾಗಿದ್ದರೆ ನಗಬೇಡ.

ಗಣಿ ಮುಚ್ಚಿದ ಮೇಲೂ ಉಳಿದಿದ್ದ ಶೇಷಮ್ಮನವರು ಹೋದ ತಿಂಗಳು ಗಂಟುಮೂಟೆ ಕಟ್ಟಿದರು. ಸಾಲುಮನೆಗಳ ಇಡೀ ಲೈನಿಗೆ ಈಗ ಕಾವಲುಗಾರ ಇವರು, ಕಾವಲುಗಾರನ ಹೆಂಡತಿ ನಾನು. ಕಾಯಲಿಕ್ಕಾದರೂ ಏನಿದೆ? ಅದಿರಿನ ಗಾಡಿಗಳು ತುಕ್ಕು ಹಿಡಿದಿವೆ. ಗಣಿಯ ಬಾಯಲ್ಲಿ ನೀರು ನಿಂತಿದೆ. ಅಂಗಡಿ ಜಗಲಿಯ ಮೇಲೆ ಕಾಡುಹಂದಿ ಮಲಗುತ್ತದೆ.

ನಿನ್ನ ಮನೆ ಮಾತ್ರ ಮದುವಣಗಿತ್ತಿಯ ಹಾಗಿದೆ. ಕೀಲಿಕೈ ಇವರಿಗೆ ಕೊಟ್ಟು ಹೋದೆಯಲ್ಲ, ನನ್ನ ಕೈಗೆ ಕೊಟ್ಟಿದ್ದರೆ ಸವೆಯುತ್ತಿತ್ತಾ? ದಿನಾ ಸಂಜೆ ಹೋಗಿ ಕಸ ಗುಡಿಸಿ, ನಿನ್ನ ಒಲೆಗೆ ಬೆಂಕಿ ಹಾಕುತ್ತಾರೆ. "ಯಾಕ್ರೀ, ಅಲ್ಲಿ ಯಾರಿಗೆ ಅಡುಗೆ?" ಅಂತ ಕೇಳಿದೆ.

"ಹೊಗೆ ತಾಗ್ದಿದ್ರೆ ಮಾಡಿನ ಹುಲ್ಲು ಗೆದ್ಲು ತಿಂತದೆ ಮಾರಾಯ್ತಿ. ನಾಳೆ ದುಗ್ಗಮ್ಮ ಬಂದ್ರೆ ಎಲ್ಲಿರ್ತಾಳೆ?" ಅಂದರು.

"ಶೇಷಮ್ಮನ ಮನೆ ಹುಲ್ಲು ಗೆದ್ಲಿಗೆ ರುಚಿ ಇಲ್ವಾ?" ಅಂದೆ. ಸೌದೆ ಹೊರೆ ಎತ್ತಿಕೊಂಡು ಹೊರಟೇಬಿಟ್ಟರು.

ನಮ್ಮನೆ ಸೌದೆ ಒಡೆಯುವವಳು ನಾನು. ಅದರಲ್ಲಿ ಒಣಗಿದ್ದನ್ನೇ ಆರಿಸಿ ನಿನ್ನ ಮನೆಗೆ ಹೊರುವವರು ಇವರು. ನನಗೆ ಹೊಟ್ಟೆಕಿಚ್ಚು, ದುಗ್ಗಮ್ಮ. ಎದುರಿಗಿದ್ದವಳಾದರೆ ಜುಟ್ಟು ಹಿಡಿದು ಜಗಳ ಆಡಬಹುದು, ಖಾಲಿ ಮನೆಯ ಜೊತೆ ಏನು ಜಗಳ? ನಿನ್ನ ತಪ್ಪಿಲ್ಲ, ಗೊತ್ತು. ನಿನ್ನ ಗಂಡ ಭೂತಪ್ಪಣ್ಣ ತೀರಿಕೊಂಡ ಮೇಲೆ ನೀನು ಯಾರನ್ನೂ ತಲೆ ಎತ್ತಿ ನೋಡಿದವಳಲ್ಲ. ಆದರೂ ನಿನ್ನ ಮೇಲೂ ಸಿಟ್ಟು ಬರುತ್ತದೆ.

ಇರಲಿ, ಒಂದು ಒಳ್ಳೆಯ ಸುದ್ದಿ. ನನ್ನ ತಮ್ಮ ತೀರ್ಥಹಳ್ಳಿಯ ಅಕ್ಕಿ ಗಿರಣಿಯಲ್ಲಿ ಇವರಿಗೆ ಕೆಲಸ ನೋಡಿದ್ದಾನೆ. ಸಂಕ್ರಾಂತಿಯೊಳಗೆ ಸೇರಬೇಕು. ಅಕ್ಕಪಕ್ಕ ಮನುಷ್ಯರ ದನಿ ಕೇಳುತ್ತದಲ್ಲ ಅಂತ ನನಗೆ ಕುಣಿಯುವಷ್ಟು ಖುಷಿ.

ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ಚೆನ್ನಾಗಿ ಓದಲಿ, ನಿನ್ನನ್ನು ಸುಖವಾಗಿಡಲಿ.

ಇಂತಿ ನಿನ್ನ
ಗುತ್ಯಮ್ಮ

ತಾ.ಕ.: ಖುಷಿ ಅಂತ ಬರೆದದ್ದು ಸುಳ್ಳು. ಇವರು ತೀರ್ಥಹಳ್ಳಿಗೆ ಬರುವುದಿಲ್ಲವಂತೆ. "ಆ ಮನೆ ಬಿದ್ಹೋಗ್ತದೆ. ಬೇಕಾದ್ರೆ ನೀ ಹೋಗು" ಅಂದರು. ಅತ್ತು ಕರೆದು ಕಾಲು ಹಿಡಿದೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ನನ್ನ ಮಾತೂ ಹಾಗೇ ಆಯಿತು. ನೀನೇ ಇವರಿಗೆ ಒಂದು ಸಾಲು ಬರೆ, ಆ ಮನೆ ಬಿದ್ದರೆ ಬೀಳಲಿ ಅಂತ. ನೀನು ಹೇಳಿದರೆ ನನ್ನ ಜೊತೆ ಬಂದಾರು.