ಕಿವಿ ಸ್ಪಷ್ಟ, ಕಣ್ಣು ಮಸುಕು

ಪ್ರೀತಿಯ ಅತ್ತಿಗೆಗೆ,

ನಿಮ್ಮ ಆರೋಗ್ಯ ಚೆನ್ನಾಗಿದೆಯೆಂದು ನಂಬಿದ್ದೇನೆ ಎಂದು ಪತ್ರ ಶುರು ಮಾಡುವುದು ವಾಡಿಕೆ. ನಂಬುವುದೇನು, ನಿಮ್ಮ ಆರೋಗ್ಯ ಚೆನ್ನಾಗಿದೆಯೆಂದು ನನಗೆ ಖಚಿತವಾಗಿ ಗೊತ್ತು. ಅದು ಗೊತ್ತಿಲ್ಲದಿರುವುದು ನಿಮಗೆ. ಗೊತ್ತಾಗದಂತೆ ಮಾಡಿದವನು ನಾನು. ಎರಡು ಬೀದಿ ದಾಟಿದರೆ ನಿಮ್ಮ ಮನೆ, ಆದರೂ ಎದುರು ನಿಂತು ಹೇಳುವ ಮುಖವಿಲ್ಲದೆ ಬರೆಯುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಕೆಲಸಕ್ಕೆ ಹೊರಡುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ.

ನಿನ್ನೆ ಮಧ್ಯಾಹ್ನ ಅಣ್ಣ ಸ್ಟುಡಿಯೋಗೆ ಬಂದಿದ್ದ. ಪಾಸ್‌ಪೋರ್ಟ್ ಫೋಟೋಗೆ ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತು, ಬಿಳಿ ಪರದೆಗೆ ಬೆನ್ನು ಕೊಟ್ಟ. ಆಮೇಲೆ ಅಂದ: “ನಿಮ್ಮತ್ತಿಗೆ ಸೋಮವಾರ ಲ್ಯಾಬಲ್ಲಿ ಬರೆದು ಕೊಡ್ತಾಳಂತೆ ಕಣೋ. ಇನ್ಮೇಲೆ ಸೂಜಿ ಮುಟ್ಟಲ್ಲ, ರಸೀದಿ ಕೌಂಟರಿಗೆ ಹಾಕಿ ಅಂತ. ಕೈ ನಡುಗುತ್ತೆ ಅಂತ ನೀನೇ ಹೇಳಿದ್ಯಂತಲ್ಲ?” ನಾನು ಲೈಟಿನ ವೈರು ಸುತ್ತುತ್ತಿದ್ದವನು ಸುತ್ತುತ್ತಲೇ ಇದ್ದೆ. ನೀವು ಈಗೀಗ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತೀರಂತೆ. ಮಕ್ಕಳ ವಾರ್ಡಿನಿಂದ ಕರೆ ಬಂದರೆ ಬೇರೆಯವರನ್ನು ಕಳಿಸುತ್ತೀರಂತೆ.

ಅತ್ತಿಗೆ, ನಿಮ್ಮ ಕೈ ನಡುಗುವುದಿಲ್ಲ. ಇಪ್ಪತ್ತೊಂಬತ್ತು ವರ್ಷ ಲ್ಯಾಬಿನಲ್ಲಿ ರಕ್ತ ತೆಗೆದ ಆ ಕೈ ಇವತ್ತಿಗೂ ಕಲ್ಲಿನ ಹಾಗೆ ನಿಲ್ಲುತ್ತದೆ. ನಾನು ಸುಳ್ಳು ಹೇಳಿದೆ. ಯಾಕೆ ಹೇಳಿದೆನೆಂದರೆ, ಹೊಟ್ಟೆಕಿಚ್ಚಿಗೆ. ಇದಕ್ಕಿಂತ ಗೌರವದ ಪದ ಹುಡುಕಿದೆ, ಸಿಗಲಿಲ್ಲ.

ಇದೆಲ್ಲ ಶುರುವಾಗಿದ್ದು ಅಣ್ಣ ನಿವೃತ್ತನಾದ ದಿನ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬೀಳ್ಕೊಡುಗೆ. ನಾನು ಎರಡು ಕ್ಯಾಮೆರಾ, ಮೂರು ಲೈಟು, ಒಂದು ಏಣಿ ಹೊತ್ತುಕೊಂಡು ದಿಬ್ಬಣ ಬಂದಂತೆ ಬಂದಿದ್ದೆ. ಮುನ್ನೂರಕ್ಕೂ ಹೆಚ್ಚು ಫೋಟೋ ತೆಗೆದೆ. ಫ್ಲಾಶಿನ ಸೆಲ್ ಬದಲಿಸುವಾಗ ಇನ್ನೊಂದು ಕ್ಯಾಮೆರಾವನ್ನು ನಿಮ್ಮ ಕೈಗೆ ಕೊಟ್ಟು “ಸ್ವಲ್ಪ ಹಿಡ್ಕೊಳ್ಳಿ” ಅಂದೆ. ನೀವು ಹಿಡಿದುಕೊಂಡು ಸುಮ್ಮನಿರಲಿಲ್ಲ. ಒಂದೇ ಒಂದು ಸಲ ಒತ್ತಿದಿರಿ. ಅಣ್ಣ ತನ್ನ ಲಾಕರಿನ ಬಾಗಿಲು ತೆರೆದು, ಒಳಗೆ ಏನೂ ಉಳಿದಿಲ್ಲವೆಂದು ಗೊತ್ತಿದ್ದೂ ಮತ್ತೊಮ್ಮೆ ಕೈಯಾಡಿಸಿ ನೋಡುತ್ತಿದ್ದ ಗಳಿಗೆ ಅದು.

ನನ್ನ ಮುನ್ನೂರು ಫೋಟೋಗಳಲ್ಲಿ ಅಣ್ಣ ಹಾರ ಹಾಕಿಸಿಕೊಂಡು ಎಲ್ಲರ ಜೊತೆ ನಗುತ್ತಾನೆ. ನಿಮ್ಮ ಒಂದರಲ್ಲಿ ಅಣ್ಣ ಇದ್ದಾನೆ. ಅವನು ಅದನ್ನೇ ದೊಡ್ಡದು ಮಾಡಿಸಿ ನಡುಮನೆಯ ಗೋಡೆಗೆ ಹಾಕಿದ. ಮಾಡಿಸಿದ್ದು ಎಲ್ಲಿ? ನನ್ನ ಸ್ಟುಡಿಯೋದಲ್ಲೇ! ಕಟ್ಟು ಹಾಕಿ, ಗಾಜು ಒರೆಸಿ, ಮೊಳೆ ಹೊಡೆದು ಕೊಟ್ಟವನೂ ನಾನೇ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಇಪ್ಪತ್ತೆರಡು ವರ್ಷ ಆ ಮನೆಯ ಹಿತ್ತಲಲ್ಲಿ ಬೆಳೆದ ಗಿಡ ನಾನು, ನನ್ನ ಒಂದು ಫೋಟೋಗೂ ಆ ಗೋಡೆಯ ಮೇಲೆ ಜಾಗ ಸಿಕ್ಕಿರಲಿಲ್ಲ. ಮನೆಗೆ ಬಂದವರೆಲ್ಲ ಅದನ್ನು ನೋಡಿ ನನ್ನ ಕಡೆ ತಿರುಗಿ, “ನಿಮ್ಮದೇ ಕೈಚಳಕ ಅಲ್ವಾ?” ಅನ್ನುತ್ತಿದ್ದರು. ಮೊದಮೊದಲು ಅಲ್ಲ ಅಂದೆ. ಒಂದು ದಿನ, ನೀವು ಅಡುಗೆಮನೆಯಲ್ಲಿದ್ದಾಗ, “ಹೌದು” ಅಂದುಬಿಟ್ಟೆ. ಆ ದಿನ ನಿಮ್ಮ ಮುಖ ನೋಡದೆ ಎದ್ದು ಬಂದೆ. ನಾನು ತಪ್ಪು ಮಾಡಿ ನಿಮ್ಮ ಮೇಲೆಯೇ ಸಿಟ್ಟು ಮಾಡಿಕೊಂಡಿದ್ದೆ, ನೋಡಿ.

ಅಂಥ ಹೊತ್ತಿನಲ್ಲಿ ನೀವು ಬಂದು ಕೇಳಿದಿರಿ: “ಮರಿ, ನಂಗೊಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಡಿಸ್ತೀಯಾ? ಹೊಸದಕ್ಕೆ ಕೈ ಎಟುಕಲ್ಲ. ಈ ವಯಸ್ಸಲ್ಲಿ ಕಲಿಯೋಕೆ ಹಳೇದೇ ಸಾಕು.” ಕ್ಯಾಮೆರಾ ಇನ್ನೂ ಅಂಗಡಿಯಲ್ಲೇ ಇತ್ತು, ನೀವು ಆಗಲೇ ಅದಕ್ಕೊಂದು ಚೀಲ ಹೊಲಿದು ತಂದಿದ್ದಿರಿ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಾನು ಛೇಡಿಸಿದೆ. ನೀವು ನಕ್ಕಿರಿ. ನಾನೂ ನಕ್ಕೆ, ಒಳಗೆ ಉರಿಯುತ್ತಿತ್ತು. ಇರುವ ಒಂದು ವಿದ್ಯೆ ನನ್ನದು. ಅದನ್ನೂ ಇವರು ತೆಗೆದುಕೊಂಡರೆ ನನಗೆ ಉಳಿಯುವುದೇನು ಎಂದು ಯೋಚಿಸಿದೆ. ಹೈಸ್ಕೂಲಿನಲ್ಲಿದ್ದಾಗಿನಿಂದ ನಿಮ್ಮ ಕೈಯಡುಗೆ ಉಂಡವನು ಹಾಗೆ ಯೋಚಿಸಿದೆ.

ಅಂಗಡಿಯಲ್ಲಿ ನಾನು ದೊಡ್ಡ ಪಂಡಿತನಾದೆ. ಲೆನ್ಸಿನೊಳಗೆ ಟಾರ್ಚ್ ಬಿಟ್ಟು, ಬೂಷ್ಟು ಹಿಡಿದಿದ್ದರೆ ಜೇಡರಬಲೆಯಂತೆ ಕಾಣುತ್ತದೆ ಎಂದು ತೋರಿಸಿದೆ. ಖಾಲಿ ಗೋಡೆಯ ಫೋಟೋ ತೆಗೆದು, ಒಳಗೆ ಧೂಳಿದ್ದರೆ ಕಪ್ಪು ಚುಕ್ಕೆ ಹೇಗೆ ಬೀಳುತ್ತದೆಂದು ವಿವರಿಸಿದೆ. ಶಟರ್ ಎಷ್ಟು ಸಾವಿರ ಸಲ ಬಡಿದಿದೆ ಅಂತ ಕೇಳಬೇಕು, ಮೈ ಸವೆದಿದ್ದರೂ ಚಿಂತೆಯಿಲ್ಲ, ಲೆನ್ಸ್ ಚೊಕ್ಕಟವಾಗಿರಬೇಕು ಎಂದೆಲ್ಲ ಹೇಳಿದೆ. ನೀವು ಲ್ಯಾಬಿನ ಹಳೆಯ ಡೈರಿಯಲ್ಲಿ ಎಲ್ಲವನ್ನೂ ಬರೆದುಕೊಂಡಿರಿ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಬೇಕಿದ್ದರೆ ಈಗಲೂ ನಂಬಬಹುದು.

ಕೊನೆಗೆ ಎರಡು ಕ್ಯಾಮೆರಾ ಉಳಿದವು. ಒಂದು ಹಳೆಯದು, ಮೂಲೆಗಳಲ್ಲಿ ಬಣ್ಣ ಹೋಗಿತ್ತು, ಹಿಡಿಯ ರಬ್ಬರು ನುಣುಪಾಗಿತ್ತು. ನೀವು ಅದನ್ನು ಎತ್ತಿ ಕಣ್ಣಿಗಿಟ್ಟು, “ಇದು ಕೈಯಲ್ಲಿ ಸರಿಯಾಗಿ ಕೂರುತ್ತೆ” ಅಂದಿರಿ. ಇನ್ನೊಂದು ಹೊಸದರಂತೆ ಹೊಳೆಯುತ್ತಿತ್ತು. ಅಷ್ಟರಲ್ಲಿ ಲ್ಯಾಬಿನಿಂದ ಫೋನ್ ಬಂತು, ನೀವು ಹೊರಗೆ ಹೋದಿರಿ. ನಾನು ಐದು ಪೆನ್ಸಿಲ್ ಸೆಲ್ಲುಗಳನ್ನು ಮೇಜಿನ ಮೇಲೆ ಓರೆ ಸಾಲಾಗಿ ನಿಲ್ಲಿಸಿ, ಹೊಳೆಯುವ ಕ್ಯಾಮೆರಾದಿಂದ ನಟ್ಟನಡುವಿನದಕ್ಕೆ ಫೋಕಸ್ ಹಿಡಿದು ತೆಗೆದೆ. ನಡುವಿನದು ಮಸುಕು, ಅದರ ಹಿಂದಿನದು ಸ್ಪಷ್ಟ. ಮತ್ತೆ ತೆಗೆದೆ. ಮತ್ತೆ ಹಾಗೇ.

ಅಂಗಡಿಯಾಕೆ ಪ್ರಾಮಾಣಿಕಳು. ಆಕೆಯೇ ಹೇಳಿದಳು: “ಅದು ಯಾರ ಕೈಯಿಂದಲೋ ಬಿದ್ದಿದೆ ಸಾರ್. ಫೋಕಸ್ ಹಿಂದಕ್ಕೆ ಹೋಗುತ್ತೆ. ರಿಪೇರಿಗೆ ಕಳಿಸ್ಬೇಕು ಅಂತಿದ್ದೆ. ಕಲಿಯೋರಿಗೆ ಬೇಡ.” ನಾನು ಅಂದೆ: “ನಾನೇ ಸರಿ ಮಾಡಿಸ್ಕೋತೀನಿ. ನಮ್ಮತ್ತಿಗೆಗೆ ಹೇಳೋಕೆ ಹೋಗ್ಬೇಡಿ, ಸುಮ್ನೆ ಗಾಬರಿ ಆಗ್ತಾರೆ.” ನೀವು ಒಳಗೆ ಬಂದಾಗ ಹೊಳೆಯುವುದನ್ನು ನಿಮ್ಮ ಚೀಲಕ್ಕೆ ಹಾಕಿಯಾಗಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಿಮಗೆ ಅನ್ನಿಸಿರಬೇಕು, ಆ ಹಳೆಯದರ ಕಡೆ ಎರಡು ಸಲ ತಿರುಗಿ ನೋಡಿದಿರಿ. ಆದರೆ, “ನೀನು ಆರಿಸಿದ್ಮೇಲೆ ಮುಗೀತು ಬಿಡು” ಅಂದಿರಿ.

ಇಷ್ಟಕ್ಕೇ ನಿಲ್ಲಲಿಲ್ಲ. ನೀವು ಮನಸ್ಸು ಬದಲಿಸಿ ವಾಪಸು ಹೋದರೆ ಎಂಬ ಹೆದರಿಕೆಯಿಂದ ಮರುದಿನವೇ ಹೋಗಿ ಆ ಹಳೆಯದನ್ನು ನಾನೇ ತಂದು ಬೀರುವಿನಲ್ಲಿ ಬೀಗ ಹಾಕಿಟ್ಟೆ. ನನಗದು ಬೇಕಿರಲಿಲ್ಲ. ನಿಮಗೆ ಸಿಗಬಾರದಿತ್ತು, ಅಷ್ಟೇ.

ಒಂದು ತಿಂಗಳಾದ ಮೇಲೆ ನೀವು ಫೋಟೋಗಳನ್ನು ತಂದು ತೋರಿಸಿದಿರಿ. ಪೇಪರ್ ಓದುತ್ತಾ ನಿದ್ದೆಹೋದ ಅಣ್ಣ. ರಿಪೋರ್ಟಿಗೆ ಕಾಯುತ್ತಾ ಚಪ್ಪಲಿಯೊಳಗೆ ಕಾಲ್ಬೆರಳು ಆಡಿಸುವ ಮುದುಕಿ. ಕೈಗವಸು ಕಳಚಿ ಬೆವರಿದ ಬೆರಳುಗಳನ್ನು ಗಾಳಿಗೆ ಹಿಡಿದ ನಿಮ್ಮ ಸಹೋದ್ಯೋಗಿ. ಎಲ್ಲದರಲ್ಲೂ ಕಣ್ಣು ಮಸುಕು. ಆದರೂ ಒಂದೊಂದನ್ನೂ ಎರಡೆರಡು ಸಲ ನೋಡಿದೆ. ಕೆಟ್ಟ ಕ್ಯಾಮೆರಾ ಕೊಟ್ಟರೂ ಈ ಹೆಂಗಸಿಗೆ ಯಾವಾಗ ಒತ್ತಬೇಕೆಂದು ಗೊತ್ತಿದೆಯಲ್ಲ! ನಾನು ಜನರಿಗೆ ಗದ್ದ ಎತ್ತಿ, ಸ್ವಲ್ಪ ನಗಿ ಅನ್ನುತ್ತೇನೆ. ಅವರು ನನಗಾಗಿ ನಗುತ್ತಾರೆ. ನಿಮ್ಮೆದುರು ಅವರು ತಮ್ಮಷ್ಟಕ್ಕೆ ತಾವಿರುತ್ತಾರೆ. ಹೆದರಿ ಬಂದವರನ್ನು ದಿನವೂ ಎದುರು ಕೂರಿಸಿಕೊಂಡು, ಅವರ ಮೈ ಯಾವಾಗ ಸಡಿಲಾಗುತ್ತದೆಂದು ಕಾದು ಕಲಿತ ಕಣ್ಣು ನಿಮ್ಮದು. ಅದನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ.

“ಏನ್ ತಪ್ಪು ಮಾಡ್ತಿದೀನಿ ಮರಿ?” ಎಂದು ನೀವು ಕೇಳಿದಿರಿ. ಅಣ್ಣನ ಫೋಟೋ ನನ್ನ ಕೈಯಲ್ಲಿತ್ತು. ಅವನ ಕಿವಿಯ ಮೇಲಿನ ನರೆಗೂದಲನ್ನು ಒಂದೊಂದಾಗಿ ಎಣಿಸಬಹುದಿತ್ತು. ಕೈ ನಡುಗಿದ್ದರೆ ಕಣ್ಣಿನ ಜೊತೆ ಕಿವಿಯೂ ಅದುರಬೇಕಿತ್ತು, ಹಿಂದಿನ ಗೋಡೆಯೂ ಅದುರಬೇಕಿತ್ತು. ಕಸುಬು ಗೊತ್ತಿದ್ದ ಯಾರೇ ಆದರೂ ಒಂದೇ ನೋಟಕ್ಕೆ ಇದು ಕ್ಯಾಮೆರಾದ ದೋಷ ಅನ್ನುತ್ತಿದ್ದರು. ನಾನು ಅಂದೆ: “ಕೈ ನಡುಗ್ತಿದೆ ಅತ್ತಿಗೆ. ವಯಸ್ಸಾಗ್ತಿದ್ದ ಹಾಗೆ ಆಗೋದೇ.”

ನೀವು ನಿಮ್ಮ ಬಲಗೈ ನೋಡಿಕೊಂಡಿರಿ. “ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ. ನಾನು ಸುಮ್ನೆ ಕ್ಯಾಮೆರಾನ ಬೈಕೊಂಡಿದ್ದೆ ನೋಡು,” ಎಂದು ನಕ್ಕು, ಫೋಟೋಗಳನ್ನು ಜೋಡಿಸಿಕೊಂಡು ಹೊರಟಿರಿ. ಅತ್ತಿಗೆ, ನೆಲ ನಿಜಕ್ಕೂ ಡೊಂಕಿತ್ತು. ಡೊಂಕು ಮಾಡಿಟ್ಟವನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದ.

ಒಂದು ಹವ್ಯಾಸ ಬಿಡುತ್ತೀರಿ, ಅಷ್ಟೇ ತಾನೇ ಅಂದುಕೊಂಡಿದ್ದೆ. ನಿಮ್ಮ ಕಸುಬೇ ಕೈಯ ಮೇಲೆ ನಿಂತಿದೆಯೆಂಬುದು ಹೊಳೆಯಲಿಲ್ಲ. ಹೊಳೆದಿದ್ದರೂ ಆ ಗಳಿಗೆಯಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದೆನೋ ಇಲ್ಲವೋ, ಪ್ರಮಾಣ ಮಾಡಿ ಹೇಳಲಾರೆ. ನಿನ್ನೆ ಅಣ್ಣ ನಿಮ್ಮ ಮಾತನ್ನು ಹೇಳಿದ: “ಒಂದು ಮಗೂಗೆ ಎರಡು ಸಲ ಚುಚ್ಚೋಕೆ ಮುಂಚೆ ನಾನೇ ಎದ್ಬಿಡ್ಬೇಕು. ಮರಿ ಇಷ್ಟು ವರ್ಷದಿಂದ ಫೋಟೋ ಕೆಲಸ ಮಾಡ್ತಿರೋನು, ಅವನಿಗೆ ಗೊತ್ತಿರಲ್ವಾ?” ನನ್ನ ಕೆಲಸಕ್ಕೆ ಈ ಮನೆಯಲ್ಲಿ ಯಾರೂ ಬೆಲೆ ಕೊಡಲಿಲ್ಲವೆಂದು ಇಷ್ಟು ವರ್ಷ ಗೊಣಗಿದವನು ನಾನು. ನನ್ನ ಒಂದು ಮಾತಿಗೆ ನಿಮ್ಮ ಜೀವಮಾನದ ಕೆಲಸವನ್ನೇ ಬಿಡಲು ಹೊರಟವರು ನೀವು.

ಈ ಪತ್ರದ ಜೊತೆ ಆ ಹಳೆಯ ಕ್ಯಾಮೆರಾ ಕಳಿಸಿದ್ದೇನೆ. ಇದರಲ್ಲಿ ತೆಗೆದು ನೋಡಿ, ಕಣ್ಣು ಕಣ್ಣಾಗಿ ಬರುತ್ತದೆ. ಹೊಳೆಯುವುದನ್ನು ಅಣ್ಣನ ಕೈಯಲ್ಲಿ ಕೊಟ್ಟು ಕಳಿಸಿ, ರಿಪೇರಿ ಮಾಡಿಸುವುದು ನನ್ನ ಪಾಲು. ನಡುಮನೆಯ ಫೋಟೋ ಯಾರದೆಂದು ಕೇಳಿದವರಿಗೆ ಇನ್ನು ಮುಂದೆ ನಿಮ್ಮ ಹೆಸರೇ ಹೇಳುತ್ತೇನೆ. ಇಷ್ಟೆಲ್ಲ ಬರೆದ ಮೇಲೆ ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಇಲ್ಲ. ನಾಳೆ ನೀವು ಇನ್ನೊಂದು ಒಳ್ಳೆಯ ಫೋಟೋ ತಂದರೆ ಮತ್ತೆ ಉರಿಯುತ್ತದೆ. ಉರಿಯಲಿ, ಅದು ನನ್ನ ಹೊಟ್ಟೆ. ನಿಮ್ಮ ಕೈಗೆ ಅದರ ಬಿಸಿ ಇನ್ನು ತಾಗಿಸುವುದಿಲ್ಲ.

ಆದರೆ ಬರೀ ಮಾತನ್ನು ನೀವು ಯಾಕೆ ನಂಬಬೇಕು? ಸೋಮವಾರ ಲ್ಯಾಬಿನ ಬಾಗಿಲು ತೆರೆಯುವ ಹೊತ್ತಿಗೆ ನಾನು ಅಲ್ಲಿರುತ್ತೇನೆ, ಖಾಲಿ ಹೊಟ್ಟೆಯಲ್ಲಿ. ಡಾಕ್ಟರು ಸಕ್ಕರೆ ಪರೀಕ್ಷೆಗೆ ಬರೆದುಕೊಟ್ಟು ಏಳು ತಿಂಗಳಾಯಿತು. ಸೂಜಿಯೆಂದರೆ ನನಗೆ ಜೀವ ಹೋಗುತ್ತದೆ, ಅದಕ್ಕೇ ಯಾರಿಗೂ ಹೇಳದೆ ಮುಂದೂಡುತ್ತಾ ಬಂದೆ. ಆ ಕುರ್ಚಿಯಲ್ಲಿ ಕೂತು ತೋಳು ಮಡಚಿ ಇಟ್ಟುಕೊಂಡಿರುತ್ತೇನೆ. ಬೇರೆ ಯಾರು ಬಂದರೂ ಚಾಚುವುದಿಲ್ಲ. ನೀವೇ ಬರಬೇಕು. ಬೈಯುವುದಿದ್ದರೆ ಬೈಯುತ್ತಲೇ ಚುಚ್ಚಿ. ಎಲ್ಲರಿಗೂ ಹೇಳುವಂತೆ ಆ ಕಡೆ ನೋಡು ಎಂದು ಮಾತ್ರ ಹೇಳಬೇಡಿ. ನಾನು ನಿಮ್ಮ ಕೈಯನ್ನೇ ನೋಡುತ್ತಿರುತ್ತೇನೆ.

ಆ ಕೈ ನೂರು ಕಾಲ ತಣ್ಣಗಿರಲಿ.

ನಿಮ್ಮ ಕ್ಷಮೆ ಕೇಳುವ ಯೋಗ್ಯತೆ ಇನ್ನೂ ಬಾರದ,
ನಿಮ್ಮ ಮೈದುನ, ಮರಿ