ರಾಯಪ್ಪ ವಾಪಸ್ಸು ಹೋದ ತಿಂಗಳು

ರಾಮದುರ್ಗ
೧೨-೨-೧೯೯೩

ಚಿರಂಜೀವಿ ಪಾಂಡುರಂಗನಿಗೆ ತಾರಾ ಅತ್ತೆಯ ಆಶೀರ್ವಾದಗಳು.

ಗುಲಬರ್ಗಾದ ನೀರು ನಿನಗೆ ಒಗ್ಗಿತೇ? ಹೊಟ್ಟೆ ಹೇಗಿದೆ? ಬ್ಯಾಂಕಿನ ಕೆಲಸವೆಂದು ಮಧ್ಯಾಹ್ನದ ಊಟ ತಪ್ಪಿಸಬೇಡ. ನಿನ್ನ ಹೆಂಡತಿ ಆರಾಮಿದ್ದಾಳೆ. ನನ್ನ ಮೊಣಕಾಲು ಬಿಟ್ಟರೆ ಎಪ್ಪತ್ತೊಂಬತ್ತಕ್ಕೆ ನಾನೂ ಗಟ್ಟಿ.

ನಿನ್ನ ಮಗಳು ಸುಚೇತಾ ಬಿ.ಎ. ಕೊನೆಯ ವರ್ಷದ ಇತಿಹಾಸವನ್ನು ನನಗೆ ಒಪ್ಪಿಸುತ್ತಾಳೆ. ವಾಚನಾಲಯದ ಪುಸ್ತಕ ಹತ್ತು ಕೈ ದಾಟಿ ಬಂದದ್ದು, ಮಡಿಯಲ್ಲಿರುವ ನಾನು ಮುಟ್ಟುವಂತಿಲ್ಲ. ಅವಳು ಹೊಸ್ತಿಲಾಚೆ ಕುಳಿತು ಓದುತ್ತಾಳೆ, ನಾನು ಒಲೆಯ ಮುಂದೆ ಕೇಳುತ್ತೇನೆ. ಈಗ ಜರ್ಮನಿ ನಡೆದಿದೆ. ಮೊದಲ ಮಹಾಯುದ್ಧ ಸೋತ ಮೇಲೆ ಅಲ್ಲಿಯ ಹೆಣ್ಣುಮಕ್ಕಳಿಗೆ ಮತದ ಹಕ್ಕು ಬಂತಂತೆ, ಕಚೇರಿಗಳಲ್ಲಿ ಟೈಪು ಮಾಡುವ ಕೆಲಸ ಸಿಕ್ಕಿತಂತೆ, ಉದ್ದ ಜಡೆಯನ್ನು ಕಿವಿಯವರೆಗೆ ಕತ್ತರಿಸಿಕೊಂಡು ಸಿನಿಮಾಕ್ಕೆ ಹೋದರಂತೆ. ಲೋಕ ಮುಳುಗಿತೆಂದು ಹಿರಿಯರು ಕೂಗಾಡಿದರಂತೆ. ನಮ್ಮ ಪುರೋಹಿತ ಶೇಷಾಚಾರ್ಯರು ಅಲ್ಲಿಗೂ ಒಮ್ಮೆ ಹೋಗಿ ಬಂದಿದ್ದರೇನೋ!

ಯಾವ ಇಸವಿ ಎಂದು ಕೇಳಿದೆ. ಇಪ್ಪತ್ತೊಂಬತ್ತರ ಸುಮಾರು ಎಂದಳು. ಪಾಂಡು, ನನ್ನ ಗಂಡ ತೀರಿಕೊಂಡದ್ದು ಅದೇ ವರ್ಷ. ನನಗೆ ಹದಿನೈದು. ನಿನ್ನ ಮಗಳು ಇದನ್ನು ಅರಿಯದೆ, "ಅಜ್ಜಿ, ಅವರು ತಾವಾಗೇ ಕತ್ತರಿಸಿಕೊಂಡ್ರಂತ, ಯಾರೂ ಹಿಡದು ಕೂಡಿಸಿರಲಿಲ್ಲ" ಎಂದಳು. ಆ ದಿನ ಹುಳಿಗೆ ಎರಡು ಸಲ ಉಪ್ಪು ಹಾಕಿದೆ. ನಿನ್ನ ಹೆಂಡತಿ ಪುಣ್ಯಾತ್ಗಿತ್ತಿ, ಸುಮ್ಮನೆ ಉಂಡಳು.

ಮರುದಿನದ ಪಾಠದಲ್ಲಿ ಜರ್ಮನಿಗೆ ಸರ್ವಾಧಿಕಾರಿಗಳ ಆಡಳಿತ ಬಂತು. ಅವರು ಹೆಣ್ಣುಮಕ್ಕಳಿಗೆ ಜಡೆ ಹೆಣೆದುಕೊಂಡು ಮನೆಯಲ್ಲಿರಿ ಎಂದರಂತೆ. ನನಗೆ ಸಿಟ್ಟು ನೆತ್ತಿಗೇರಿತು. ಇಲ್ಲಿ ಬೋಳಿಸು ಎನ್ನುತ್ತಾರೆ, ಅಲ್ಲಿ ಬೆಳೆಸು ಎನ್ನುತ್ತಾರೆ, ತಲೆ ಯಾರದೋ ಅವರನ್ನು ಮಾತ್ರ ಯಾರೂ ಕೇಳುವುದಿಲ್ಲ.

ತಿಂಗಳಿಗೊಮ್ಮೆ ಹಿತ್ತಿಲಿಗೆ ಬರುವ ಕ್ಷೌರದ ರಾಯಪ್ಪ ಈ ಸಲವೂ ಬಂದ. ಬೇಡವೆಂದೆ. "ಅವ್ವಾರ, ಕತ್ತಿ ಛಲೋ ಮಸದೇನ್ರಿ, ನನ್ನ ಕೈಯಾಗ ಏನರ ತಪ್ಪಾತೇನ್ರಿ?" ಎಂದು ಮುಖ ಸಣ್ಣ ಮಾಡಿದ. "ನಿನ್ನ ತಪ್ಪಲ್ಲೋ, ನನ್ನ ತಲಿ ನನಗ ಬೇಕಾಗೇದ" ಎಂದು ಅವಲಕ್ಕಿ ಕಟ್ಟಿ ಕೊಟ್ಟು ಕಳಿಸಿದೆ.

ಸುದ್ದಿ ಶೇಷಾಚಾರ್ಯರಿಗೆ ಮುಟ್ಟಿದೆ. ಫಾಲ್ಗುಣದಲ್ಲಿ ನಿನ್ನ ಅಪ್ಪನ ಶ್ರಾದ್ಧ. ಮೂವತ್ತೊಂದು ವರ್ಷ ಆ ಅಡಿಗೆ ನನ್ನ ಕೈಯದೇ. ತಲೆಯಲ್ಲಿ ಕೂದಲಿಟ್ಟ ವಿಧವೆ ಮಾಡಿದ ಅಡಿಗೆಯನ್ನು ತಾವು ಉಣ್ಣುವುದಿಲ್ಲ ಎಂದು ಹೇಳಿಕಳಿಸಿದ್ದಾರೆ. ನನಗೆ ದುಃಖವಾಯಿತು, ಸುಳ್ಳೇಕೆ ಹೇಳಲಿ. ತಮ್ಮನಿಗೆ ನಾನು ಮಾಡುವುದೆಂದರೆ ಉಳಿದದ್ದು ಅದೊಂದೇ. ಮನೆಯ ಯಜಮಾನ ನೀನು, ನೀನು ಹೂಂ ಎಂದರೆ ಅವತ್ತು ನಿನ್ನ ಹೆಂಡತಿ ಒಲೆ ಹಚ್ಚಲಿ, ನಾನು ಹೊರಗೆ ಕುಳಿತು ಹೇಳಿಕೊಡುತ್ತೇನೆ. ತಲೆ ಬೋಳಿಸಲು ನನ್ನನ್ನು ಹಿತ್ತಿಲಲ್ಲಿ ಕೂಡಿಸಿದ ದಿನ ಹದಿಮೂರರ ನಿನ್ನ ಅಪ್ಪ ಬಾಗಿಲ ಹಿಂದೆ ನಿಂತು ಬಿಕ್ಕುತ್ತಿದ್ದ. ಅವನು ಈಗ ನನ್ನ ಮೇಲೆ ಮುನಿಯಲಾರ. ನಿನ್ನದು ಏನೆಂದು ಬರೆ. ಸುಚೇತಾಳನ್ನು ಮಾತ್ರ ಬಯ್ಯಬೇಡ, ಅವಳು ಓದಿದ್ದು ಪರೀಕ್ಷೆಗೆ.

ಹಾಗೆ ನೋಡಿದರೆ ನಾನು ಸುಖವಾಗಿದ್ದೇನೆ. ಸ್ನಾನ ಮಾಡುವಾಗ ತಲೆಯ ಮೋಟುಗೂದಲು ಅಂಗೈಗೆ ಚುರುಚುರು ಹತ್ತುತ್ತದೆ, ಒಬ್ಬಳೇ ನಗುತ್ತೇನೆ. ರಾಯರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅತ್ತೆ,
ತಾರಾಬಾಯಿ

ತಾ.ಕ.: ಅಂಚೆ ಹೋಗುವ ಹೊತ್ತಾಯಿತೆಂದು ಸುಚೇತಾ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ. ನೀನು ಹೂಂ ಎನ್ನುವುದಾದರೆ ಕಾಗದ ಬರೆಯುವ ತ್ರಾಸು ಬೇಡ, ಬರುವಾಗ ನನಗೊಂದು ಬಾಚಣಿಗೆ ತಾ. ಸಣ್ಣದು ಸಾಕು.